ಡೆಮಾಕ್ರಸಿ ಪದದ ಒಳಗೆ ಒಂದು ಊರು ಉಂಟು

ಕೆಪಿಟಿ ಸರ್ಕಲ್‌ನಲ್ಲಿ ಪೊಲೀಸ್ ನಿಂತಿದ್ದಾರೆ. ಬಸ್ಸಿನ ಕಿಟಕಿಯಿಂದ ನಾವು ದಿನಾ ನೋಡುವ ದೃಶ್ಯ. ಆದರೆ ಈ ಪುಟ್ಟ ವಾಕ್ಯದಲ್ಲಿ ಗ್ರೀಕ್ ಮೂಲದ ಎರಡು ಪದಗಳು ಉಂಟು. ‘ಪೊಲೀಸ್’ ಬಂದದ್ದು ಗ್ರೀಕಿನ ‘ಪೊಲಿಸ್’ನಿಂದ. ಪೊಲಿಸ್ ಅಂದರೆ ನಗರ, ತನ್ನನ್ನು ತಾನೇ ಆಳಿಕೊಳ್ಳುವ ನಗರ. ಪಾಲಿಟಿಕ್ಸ್ ಕೂಡ ಅದೇ ಮನೆತನದ್ದು. ಇನ್ನು ಕೆಪಿಟಿಯಲ್ಲಿರುವ ಪಾಲಿಟೆಕ್ನಿಕ್. ಅದರ ‘ಪಾಲಿ’ಗೂ ನಗರಕ್ಕೂ ಸಂಬಂಧ ಇಲ್ಲ. ಅಲ್ಲಿ ‘ಪೊಲಿ’ ಅಂದರೆ ಅನೇಕ, ‘ಟೆಖ್ನೆ’ ಅಂದರೆ ಕೌಶಲ. ಕೇಳುವಾಗ ಒಂದೇ ಥರ, ಬೇರು ಮಾತ್ರ ಬೇರೆ ಬೇರೆ.

ಹಾಗಾಗಿ ಪದವನ್ನು ಹೊರಗಿನಿಂದ ನೋಡಿ ನಂಬಬಾರದು, ಬಿಚ್ಚಿ ನೋಡಬೇಕು. ಈ ಸಲ ನಾವು ಬಿಚ್ಚುವ ಪದ ‘ಡೆಮಾಕ್ರಸಿ’. “ಡೆಮೊಸ್ ಅಂದರೆ ಜನ, ಕ್ರಾಟೊಸ್ ಅಂದರೆ ಆಡಳಿತ” ಅಂತ ಹೈಸ್ಕೂಲಿನ ಸಮಾಜ ಪರೀಕ್ಷೆಯಲ್ಲಿ ಬರೆದು ನಾವೆಲ್ಲ ಎರಡು ಮಾರ್ಕು ತಗೊಂಡವರೇ. ಉತ್ತರ ಸರಿಯೇ. ಆದರೆ ಆ ಎರಡು ಮಾರ್ಕಿನ ಉತ್ತರದಲ್ಲಿ ಬಿಟ್ಟುಹೋದ ಸಂಗತಿಗಳೇ ಹೆಚ್ಚು ರುಚಿಯಾಗಿವೆ. ಅವುಗಳಲ್ಲಿ ಕೆಲವು ನಮ್ಮ ಮಂಗಳೂರಿಗೂ ಬಂದು ತಾಗುತ್ತವೆ.

ಡೆಮೊಸ್: ಜಾಗವೂ ಹೌದು, ಜನವೂ ಹೌದು

‘ಡೆಮೊಸ್’ ಪದ ನಮಗೆ ಕೊರೋನ ಕಾಲದಿಂದಲೇ ಪರಿಚಯ. ಎಪಿಡೆಮಿಕ್ ಅಂದರೆ ಡೆಮೊಸ್ ಮೇಲೆ ಬಂದು ಬಿದ್ದದ್ದು, ಪ್ಯಾಂಡೆಮಿಕ್ ಅಂದರೆ ಇಡೀ ಡೆಮೊಸ್‌ಗೆ ಹಬ್ಬಿದ್ದು. ಇಲ್ಲೆಲ್ಲ ‘ಜನ’ ಅಂತ ಅರ್ಥ ಮಾಡಿಕೊಂಡರೆ ಸಾಕು. ಆದರೆ ಹಳೆಯ ಗ್ರೀಕಿನಲ್ಲಿ ಡೆಮೊಸ್ ಅಂದರೆ ಒಂದು ಪ್ರದೇಶ, ಒಂದು ಹಳ್ಳಿ ಅಂತಲೂ ಅರ್ಥ ಇತ್ತು. ‘ಹಂಚು, ಪಾಲು ಮಾಡು’ ಎಂಬ ಅರ್ಥದ ಇನ್ನೂ ಹಳೆಯ ಧಾತುವಿಗೆ ಭಾಷಾತಜ್ಞರು ಇದನ್ನು ಜೋಡಿಸುತ್ತಾರೆ. ಪಾಲಾಗಿ ಬಂದ ನೆಲ, ಆಮೇಲೆ ಆ ನೆಲದ ಮೇಲೆ ಇರುವ ಜನ.

ಕನ್ನಡದಲ್ಲಿ ಇದಕ್ಕೆ ಬರೋಬ್ಬರಿ ಹೊಂದುವ ಪದ ನಮ್ಮ ಬಾಯಲ್ಲೇ ಇದೆ: ‘ಊರು’. “ನಮ್ಮ ಊರು ಬಜ್ಪೆ ಹತ್ತಿರ” ಅಂದಾಗ ಊರು ಒಂದು ಜಾಗ. “ಜಾತ್ರೆಗೆ ಊರಿಗೆ ಊರೇ ಸೇರಿತ್ತು” ಅಂದಾಗ ಅದೇ ಊರು ಜನ ಆಗುತ್ತದೆ. ಒಂದೇ ಪದ, ಜಾಗವೂ ಹೌದು, ಜನವೂ ಹೌದು. ಡೆಮೊಸ್ ಕೂಡ ಹಾಗೆಯೇ.

ಈ ‘ಊರು’ ಅರ್ಥ ರಾಜಕೀಯಕ್ಕೆ ಬಂದದ್ದು ಕ್ರಿ.ಪೂ. 508ರ ಹೊತ್ತಿಗೆ, ಅಥೆನ್ಸಿನಲ್ಲಿ. ಕ್ಲೈಸ್ತೆನೀಸ್ ಎಂಬ ನಾಯಕ ಇಡೀ ಅಥೆನ್ಸ್ ಸೀಮೆಯ ಜನರನ್ನು ಡೆಮೊಸ್‌ಗಳ ಲೆಕ್ಕದಲ್ಲಿ, ಅಂದರೆ ಊರುಗಳ ಲೆಕ್ಕದಲ್ಲಿ, ಹೊಸದಾಗಿ ಜೋಡಿಸಿದ. ಇಂಥ ಊರುಗಳು 139 ಇದ್ದವು ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅಥೆನ್ಸಿನ ನಾಗರಿಕ ಆಗಬೇಕಾದರೆ ನಿಮ್ಮ ಹೆಸರು ನಿಮ್ಮ ಊರಿನ ಪಟ್ಟಿಯಲ್ಲಿ ಇರಬೇಕು. ಹುಡುಗರ ಹೆಸರು ಸೇರಿಸುತ್ತಿದ್ದದ್ದು 18ನೇ ವಯಸ್ಸಿನಲ್ಲಿ. ಹೌದು, ನಮ್ಮದೇ ವಯಸ್ಸು.

ಕ್ಲೈಸ್ತೆನೀಸ್ ಇನ್ನೊಂದು ಜಾಣತನ ಮಾಡಿದ. ಅಲ್ಲಿಯ ತನಕ ಒಬ್ಬನನ್ನು ಗುರುತಿಸುತ್ತಿದ್ದದ್ದು ಅಪ್ಪನ ಹೆಸರಿನಿಂದ. ದೊಡ್ಡ ಮನೆತನದವನು ಯಾರು, ಹೊಸಬ ಯಾರು ಅಂತ ಅಪ್ಪನ ಹೆಸರು ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ಅದರ ಬದಲು ಊರಿನ ಹೆಸರು ಹೇಳುವ ಪದ್ಧತಿ ತಂದ. ಅಲೊಪೆಕೆ ಊರಿನ ಸಾಕ್ರೆಟಿಸ್, ಖೊಲಾರ್ಗೊಸ್ ಊರಿನ ಪೆರಿಕ್ಲೀಸ್, ಹೀಗೆ. ನಮ್ಮ ಕರಾವಳಿಯವರಿಗೆ ಇದು ಹೊಸತಲ್ಲ. ಪಂಜೆ ಮಂಗೇಶರಾಯ, ಕಯ್ಯಾರ ಕಿಞ್ಞಣ್ಣ ರೈ, ಬೆನೆಗಲ್ ನರಸಿಂಗ ರಾವ್. ಹೆಸರಿನ ಮುಂದೆ ಊರು ನಡೆಯುತ್ತದೆ. ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಊರಿನ ಹೆಸರಿನ ಜೊತೆಗೆ ಮನೆತನವೂ ಜಾತಿಯೂ ಬಂದುಬಿಡುತ್ತವೆ. ಅಥೆನ್ಸಿನಲ್ಲಿ ಮನೆತನವನ್ನು ಮರೆಸಲಿಕ್ಕೆ ಊರಿನ ಹೆಸರು ತಂದರು.

ಕ್ರಾಟೊಸ್: ಕೈಯಲ್ಲಿರುವ ಹಿಡಿತ

ಈಗ ಎರಡನೇ ಅರ್ಧ. ‘ಗಾಡ್ ಆಫ್ ವಾರ್’ ಗೇಮ್ ಆಡಿದವರಿಗೆ ಕ್ರಾಟೊಸ್ ಯಾರು ಅಂತ ಹೇಳಬೇಕಾಗಿಲ್ಲ. ಗ್ರೀಕ್ ಪುರಾಣದಲ್ಲೂ ಆ ಹೆಸರಿನ ದೇವತೆ ಇದ್ದಾನೆ. ಪ್ರೊಮಿಥಿಯಸ್‌ನನ್ನು ಬಂಡೆಗೆ ಕಟ್ಟಿಹಾಕುವ ಕೆಲಸಕ್ಕೆ ಬರುವವನು ಅವನೇ. ಕ್ರಾಟೊಸ್ ಅಂದರೆ ಬಲ, ಹಿಡಿತ, ಒಂದು ಕೆಲಸವನ್ನು ಮಾಡಿ ಮುಗಿಸುವ ತಾಕತ್ತು.

ಗ್ರೀಕರ ಹತ್ತಿರ ಆಳ್ವಿಕೆಗೆ ಇನ್ನೊಂದು ಪದ ಇತ್ತು, ‘ಆರ್ಖೆ’. ಅದರಿಂದ ಮೊನಾರ್ಕಿ (ಒಬ್ಬನ ಆಳ್ವಿಕೆ), ಒಲಿಗಾರ್ಕಿ (ಕೆಲವರ ಆಳ್ವಿಕೆ), ಅನಾರ್ಕಿ (ಯಾರೂ ಇಲ್ಲದ್ದು) ಬಂದವು. ಆರ್ಖೆ ಅಂದರೆ ಅಧಿಕಾರದ ಸ್ಥಾನ, ಕುರ್ಚಿ. ಕುರ್ಚಿಯಲ್ಲಿ ಒಬ್ಬ ಕೂತಿದ್ದಾನೋ, ನಾಲ್ಕು ಜನ ಕೂತಿದ್ದಾರೋ ಅಂತ ಈ ಪದಗಳು ಎಣಿಸುತ್ತವೆ. ಹಾಗಾದರೆ ಜನರ ಆಳ್ವಿಕೆಗೆ ‘ಡೆಮಾರ್ಕಿ’ ಅಂತ ಯಾಕೆ ಹೆಸರಾಗಲಿಲ್ಲ? ‘ಡೆಮಾರ್ಖೊಸ್’ ಅನ್ನುವುದು ಒಂದು ಊರಿನ ಮುಖ್ಯಸ್ಥನ ಹುದ್ದೆಯ ಹೆಸರಾಗಿತ್ತು, ನಮ್ಮ ಪಂಚಾಯತ್ ಅಧ್ಯಕ್ಷರ ಹಾಗೆ. ಅದಕ್ಕಿಂತ ಮುಖ್ಯ ಕಾರಣವನ್ನು ಕೆಲವು ವಿದ್ವಾಂಸರು ಹೀಗೆ ಹೇಳುತ್ತಾರೆ: ಸಾವಿರಾರು ಜನ ಒಂದು ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ, ಆದರೆ ಸಾವಿರಾರು ಜನ ಸೇರಿ ಒಂದು ಹಿಡಿತ ಸಾಧಿಸಬಹುದು. ಆದ್ದರಿಂದ ಡೆಮೊಕ್ರಾಟಿಯ. ಊರಿನ ಕೈಯಲ್ಲಿ ಹಿಡಿತ. ನಮ್ಮ ಪರೀಕ್ಷೆಯ ಉತ್ತರದಲ್ಲಿ ಬರೆದ ‘ಆಡಳಿತ’ ಎಂಬ ಪದದಲ್ಲಿ ಈ ಹಿಡಿತ ಜಾರಿಹೋಗುತ್ತದೆ.

ಚೀಟಿ ಎತ್ತುವ ಯಂತ್ರ

ಅಥೆನ್ಸಿನಲ್ಲಿ ಈ ಹಿಡಿತ ಬರಿಯ ಮಾತಾಗಿರಲಿಲ್ಲ, ಅದಕ್ಕೊಂದು ಯಂತ್ರವೇ ಇತ್ತು. ನಮ್ಮವರಿಗೆ ಇಷ್ಟವಾಗುವ ಭಾಗ ಇದು. ಯಂತ್ರದ ಹೆಸರು ‘ಕ್ಲೆರೊಟೇರಿಯನ್’. ಎತ್ತರದ ಒಂದು ಕಲ್ಲಿನ ಹಲಗೆ, ಅದರಲ್ಲಿ ಸಾಲು ಸಾಲಾಗಿ ಸಣ್ಣ ಸೀಳುಗಳು. ಪ್ರತಿ ನಾಗರಿಕನ ಹತ್ತಿರ ಹೆಸರು ಕೆತ್ತಿದ ಒಂದು ಬಿಲ್ಲೆ. ನ್ಯಾಯಾಲಯಕ್ಕೆ ಜ್ಯೂರಿ ಬೇಕಾದ ದಿನ ಬಂದವರ ಬಿಲ್ಲೆಗಳನ್ನು ಸೀಳುಗಳಲ್ಲಿ ಸಿಕ್ಕಿಸುತ್ತಿದ್ದರು. ಹಲಗೆಯ ಬದಿಯಲ್ಲಿ ಒಂದು ಕೊಳವೆ, ಅದರೊಳಗೆ ಬಿಳಿ ಮತ್ತು ಕಪ್ಪು ದಾಳಗಳು ಕಲಸಿ ತುಂಬಿವೆ. ಕೆಳಗಿನಿಂದ ಒಂದೊಂದೇ ದಾಳ ಬೀಳುತ್ತದೆ. ಬಿಳಿ ಬಿದ್ದರೆ ಆ ಅಡ್ಡಸಾಲಿನವರು ಇವತ್ತಿನ ಜ್ಯೂರಿ, ಕಪ್ಪು ಬಿದ್ದರೆ ಮನೆಗೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ರ‍್ಯಾಂಡಮ್ ನಂಬರ್ ಜನರೇಟರ್ ಮಾರಾಯ್ರೆ! ಯಾರಿಗೆ ಲಂಚ ಕೊಡಬೇಕು ಅಂತ ಹಿಂದಿನ ದಿನ ಯಾರಿಗೂ ಗೊತ್ತಿರುವುದಿಲ್ಲ. ಅದರ ತುಂಡುಗಳು ಅಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ ಸಿಕ್ಕಿವೆ.

ದಿನದಿನದ ಆಡಳಿತ ನೋಡುತ್ತಿದ್ದ 500 ಜನರ ಮಂಡಳಿಯನ್ನೂ ಆರಿಸುತ್ತಿದ್ದದ್ದು ಹೀಗೆ ಅದೃಷ್ಟದ ಎತ್ತುವಿಕೆಯಿಂದಲೇ. ಅವಧಿ ಒಂದೇ ವರ್ಷ, ಒಬ್ಬ ಜೀವಮಾನದಲ್ಲಿ ಎರಡಕ್ಕಿಂತ ಹೆಚ್ಚು ಸಲ ಸದಸ್ಯನಾಗುವ ಹಾಗಿಲ್ಲ. ಸೇನಾಪತಿಯಂಥ ಕೆಲವು ಹುದ್ದೆಗಳಿಗೆ ಮಾತ್ರ ಚುನಾವಣೆ. ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದಲ್ಲಿ ಇದನ್ನು ನೇರವಾಗಿ ಹೇಳುತ್ತಾನೆ: ಚೀಟಿ ಎತ್ತುವುದು ಡೆಮಾಕ್ರಸಿಯ ಲಕ್ಷಣ, ಚುನಾವಣೆ ಒಲಿಗಾರ್ಕಿಯ ಲಕ್ಷಣ. ನಮಗಿದು ತಲೆಕೆಳಗಾಗಿ ಕಾಣುತ್ತದೆ. ಅವನ ಕಾಲದವರ ಲೆಕ್ಕ ಸರಳ: ಚುನಾವಣೆಯಲ್ಲಿ ಹಣ, ಹೆಸರು, ಮನೆತನ ಇದ್ದವರೇ ಗೆಲ್ಲುತ್ತಾರೆ.

ಇದನ್ನು ಕ್ಲಾಸಿನ ಸಿಆರ್ ಆಯ್ಕೆಗೆ ಹಾಕಿ ನೋಡಿ. ಸಿಜಿಪಿಎ ನೋಡಿ ಲೆಕ್ಚರರ್ ಒಬ್ಬರನ್ನು ನೇಮಿಸಿದರೆ ಅದು ಅರಿಸ್ಟೊಕ್ರಸಿ. ‘ಅರಿಸ್ಟೊಸ್’ ಅಂದರೆ ಅತ್ಯುತ್ತಮ. ಕೈ ಎತ್ತಿಸಿ ಆರಿಸಿದರೆ, ಅರಿಸ್ಟಾಟಲ್ ಪ್ರಕಾರ, ದೊಡ್ಡ ಗ್ಯಾಂಗ್ ಇದ್ದವರ ಒಲಿಗಾರ್ಕಿ. ರೋಲ್ ನಂಬರ್ ಚೀಟಿ ಎತ್ತಿ ತಿಂಗಳಿಗೊಬ್ಬರನ್ನು ಮಾಡಿದರೆ ಅದು ಅಥೆನ್ಸಿನ ಡೆಮಾಕ್ರಸಿ. ಲಾಸ್ಟ್ ಬೆಂಚಿನವರಿಗೂ ಒಂದು ತಿಂಗಳು ಎಚ್‌ಓಡಿ ಚೇಂಬರಿಗೆ ಓಡಾಡುವ ಭಾಗ್ಯ!

ಆಳುವುದು ಮತ್ತು ಆಳಿಸಿಕೊಳ್ಳುವುದು, ಎರಡನ್ನೂ ಸರದಿಯಲ್ಲಿ ಮಾಡುವುದೇ ಸ್ವಾತಂತ್ರ್ಯದ ಒಂದು ಗುರುತು ಅಂತಲೂ ಅರಿಸ್ಟಾಟಲ್ ಹೇಳಿದ್ದಾನೆ. ಕನ್ನಡದಲ್ಲಿ ‘ಆಳು’ ಅಂದರೆ ಕೆಲಸದವನು, ‘ಆಳು’ ಅಂದರೆ ರಾಜ್ಯಭಾರ ಮಾಡು. ಎರಡಕ್ಕೂ ಒಂದೇ ರೂಪ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಅಂತ ಗಾದೆ ಬೇರೆ ಇದೆ. ಗ್ರೀಕಿನಲ್ಲಿ ಒಂದು ವಾಕ್ಯ ಬೇಕಾದ ಜಾಗದಲ್ಲಿ ಕನ್ನಡಕ್ಕೆ ಎರಡಕ್ಷರ ಸಾಕಾಗಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇದನ್ನೂ ಹೇಳಬೇಕು. ಅಥೆನ್ಸಿನ ಡೆಮೊಸ್‌ನಲ್ಲಿ ಹೆಂಗಸರು ಇರಲಿಲ್ಲ, ಗುಲಾಮರು ಇರಲಿಲ್ಲ, ಹೊರಗಿನಿಂದ ಬಂದು ನೆಲೆಸಿದವರೂ ಇರಲಿಲ್ಲ. ಸ್ಟಗೈರದಿಂದ ಬಂದ ಅರಿಸ್ಟಾಟಲ್‌ಗೇ ಅಥೆನ್ಸಿನಲ್ಲಿ ಮತದ ಹಕ್ಕು ಇರಲಿಲ್ಲ. ಪದದ ಮೊದಲ ಅರ್ಧವೇ ಅರ್ಧ ಆಗಿತ್ತು.

ನಮ್ಮ ಪದ: ಪ್ರಜೆ ಮತ್ತು ಪ್ರಭು

ಗ್ರೀಕಿನಿಂದ ಲ್ಯಾಟಿನ್, ಅಲ್ಲಿಂದ ಫ್ರೆಂಚ್, ಅಲ್ಲಿಂದ 16ನೇ ಶತಮಾನದಲ್ಲಿ ಇಂಗ್ಲಿಷ್, ಹೀಗೆ ಡೆಮಾಕ್ರಸಿ ಪದ ಪ್ರಯಾಣ ಮಾಡಿತು. ಇಂಗ್ಲಿಷಿನ ಜೊತೆ ಭಾರತಕ್ಕೆ ಬಂದಾಗ ಇಲ್ಲಿನ ಪ್ರತಿಯೊಂದು ಭಾಷೆಯೂ ಅದಕ್ಕೆ ತನ್ನದೊಂದು ಅಂಗಿ ಹೊಲಿಸಿತು. ಹಾಸ್ಟೆಲ್ ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಕೇಳಿ. ಕಾಸರಗೋಡಿನ ಮಲಯಾಳಿ ಗೆಳೆಯ ‘ಜನಾಧಿಪತ್ಯಂ’ ಅನ್ನುತ್ತಾನೆ. ತಮಿಳಿನವನು ‘ಜನನಾಯಗಂ’, ಮರಾಠಿಯವಳು ‘ಲೋಕಶಾಹಿ’, ಹಿಂದಿಯವನು ‘ಲೋಕತಂತ್ರ’. ಬಂಗಾಳಿಯಲ್ಲಿ ‘ಗಣತಂತ್ರ’ ಅಂದರೆ ಡೆಮಾಕ್ರಸಿ, ಹಿಂದಿಯಲ್ಲಿ ಅದೇ ಪದಕ್ಕೆ ರಿಪಬ್ಲಿಕ್ ಅಂತ ಅರ್ಥ. ಜನ, ಲೋಕ, ಗಣ ಅಂತ ಅವರೆಲ್ಲ ಆರಿಸಿಕೊಂಡರೆ, ನಾವೂ ತೆಲುಗಿನವರೂ ‘ಪ್ರಜೆ’ಯನ್ನು ಹಿಡಿದೆವು. ತೆಲುಗಿನದು ಪ್ರಜಾಸ್ವಾಮ್ಯಂ, ನಮ್ಮದು ಪ್ರಜಾಪ್ರಭುತ್ವ.

ಪ್ರಜೆ ಯಾರು? ಸಂಸ್ಕೃತದಲ್ಲಿ ‘ಜನ್’ ಅಂದರೆ ಹುಟ್ಟು. ಪ್ರಜಾ ಅಂದರೆ ಹುಟ್ಟಿದವರು, ಸಂತಾನ, ಮಕ್ಕಳು. ರಾಜ ತಂದೆ, ನಾಡಿನವರು ಅವನ ಮಕ್ಕಳು ಎಂಬ ಭಾವನೆಯಲ್ಲಿ ಪ್ರಜೆ ಅಂದರೆ ರಾಜನ ಕೈಕೆಳಗಿನವರು ಅಂತ ಆಯಿತು. ಪ್ರಭು ಅಂದರೆ ಒಡೆಯ. ಅಂದರೆ ನಮ್ಮ ಪದದಲ್ಲಿ ಒಂದು ಕಡೆ ಕೈಕೆಳಗಿನವನು, ಇನ್ನೊಂದು ಕಡೆ ಒಡೆಯ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸಮಾಸ ಮಾಡಿದ್ದೇವೆ.

ಇಲ್ಲೇ ಒಂದು ಗಮ್ಮತ್ತು ಉಂಟು. ಸಮಾಸ ಬಿಡಿಸಿದರೆ ‘ಪ್ರಜೆಗಳ ಪ್ರಭುತ್ವ’, ಷಷ್ಠೀ ತತ್ಪುರುಷ. ಈಗ ಈ ಎರಡನ್ನು ನೋಡಿ: ‘ರೈತರ ಒಡೆತನ’, ‘ಜಮೀನಿನ ಒಡೆತನ’. ಮೊದಲನೆಯದರಲ್ಲಿ ರೈತರೇ ಒಡೆಯರು. ಎರಡನೆಯದರಲ್ಲಿ ಜಮೀನು ಒಡೆಯ ಅಲ್ಲ, ಜಮೀನಿನ ಮೇಲೆ ಯಾರದೋ ಒಡೆತನ. ವಿಭಕ್ತಿ ಒಂದೇ, ಅರ್ಥ ತಿರುಗುಮುರುಗು. ಹಾಗಾದರೆ ‘ಪ್ರಜೆಗಳ ಪ್ರಭುತ್ವ’ ಯಾವ ಥರದ್ದು? ಪ್ರಜೆಗಳು ನಡೆಸುವ ಪ್ರಭುತ್ವವೋ, ಪ್ರಜೆಗಳ ಮೇಲೆ ನಡೆಯುವ ಪ್ರಭುತ್ವವೋ? ವ್ಯಾಕರಣ ಎರಡಕ್ಕೂ ಬಾಗಿಲು ತೆರೆದಿಟ್ಟಿದೆ. ಯಾವ ಅರ್ಥ ನಿಜ ಅಂತ ನಿಘಂಟು ತೀರ್ಮಾನ ಮಾಡಲಾರದು, ನಡೆಯುವ ಸಂಗತಿ ನೋಡಿಯೇ ಹೇಳಬೇಕು.

ಹಳೆಯ ಮೈಸೂರಿನಲ್ಲಿ ಇದರ ಉದಾಹರಣೆ ಇದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ‘ಪ್ರಜಾಪ್ರತಿನಿಧಿ ಸಭೆ’ ಶುರುವಾಯಿತು. ಭಾರತದ ಸಂಸ್ಥಾನಗಳಲ್ಲಿ ಅದು ದೊಡ್ಡ ಹೆಜ್ಜೆಯೇ. ದಸರಾ ಹೊತ್ತಿಗೆ ಊರೂರುಗಳಿಂದ ಪ್ರತಿನಿಧಿಗಳು ಮೈಸೂರಿಗೆ ಬರುತ್ತಿದ್ದರು, ಸರ್ಕಾರ ಏನು ಮಾಡಿತು ಅಂತ ಕೇಳುತ್ತಿದ್ದರು, ತಮ್ಮ ಅಹವಾಲು ಹೇಳುತ್ತಿದ್ದರು. ಆದರೆ ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಡೆಮೊಸ್ ಸ್ವಲ್ಪ ಬಂದಿತ್ತು, ಕ್ರಾಟೊಸ್ ಅರಮನೆಯಲ್ಲೇ ಇತ್ತು. ಜವಾಬ್ದಾರಿ ಸರ್ಕಾರ ಬೇಕು ಅಂತ ‘ಮೈಸೂರು ಚಲೋ’ ಚಳವಳಿ ನಡೆದು, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂದ ಮೇಲೆಯೇ ಪದದ ಎರಡನೇ ಅರ್ಧ ಜನರ ಕೈಗೆ ಬಂದದ್ದು.

ಮಂಗಳೂರಿನಿಂದ ಎರಡು ಹೆಸರು

ನಮ್ಮ ಕಥೆ ಬೇರೆ. 1799ರಿಂದ ಈ ಕರಾವಳಿ ಬ್ರಿಟಿಷರ ಕೈಗೆ ಹೋಗಿ, ಮದ್ರಾಸ್ ಪ್ರೆಸಿಡೆನ್ಸಿಯ ಜಿಲ್ಲೆಯಾಗಿ ಕಲೆಕ್ಟರರ ಕೆಳಗೆ ಇತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ನಿಂತರು. ದೇಶದಲ್ಲಿ ಹಾಗೆ ನಿಂತ ಮೊದಲ ಮಹಿಳೆಯರಲ್ಲಿ ಅವರು ಒಬ್ಬರು. ಸ್ವಲ್ಪದರಲ್ಲಿ ಸೋತರು. ಆಗ ಮತ ಇದ್ದದ್ದು ಆಸ್ತಿ, ತೆರಿಗೆ ಅಂತ ಅರ್ಹತೆ ಇದ್ದ ಕೆಲವರಿಗೆ ಮಾತ್ರ. ಅಥೆನ್ಸಿನ ಹಾಗೆ ಇಲ್ಲಿಯೂ ಡೆಮೊಸ್ ಪೂರ್ತಿ ಇರಲಿಲ್ಲ.

ಎರಡನೆಯ ಹೆಸರು ಮೊದಲೇ ಬಂದಿದೆ, ಬೆನೆಗಲ್ ನರಸಿಂಗ ರಾವ್. 1887ರಲ್ಲಿ ಹುಟ್ಟಿ, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ತಯಾರಿಸಿದ್ದು ಅವರು. ಅದನ್ನು ಮುಂದಿಟ್ಟುಕೊಂಡು ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೆಲಸ ಮಾಡಿತು. ಆಸ್ತಿ ಇರಲಿ ಬಿಡಲಿ, ಓದು ಬರಲಿ ಬಾರದಿರಲಿ, ಗಂಡಾಗಲಿ ಹೆಣ್ಣಾಗಲಿ, ವಯಸ್ಕರೆಲ್ಲರಿಗೂ ಮತ ಅಂತ ಆ ಸಂವಿಧಾನ ಹೇಳಿತು. 1951–52ರ ಮೊದಲ ಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಅಥೆನ್ಸ್ ಕನಸಿನಲ್ಲೂ ಕಾಣದ ಡೆಮೊಸ್ ಅದು. ಮತದ ವಯಸ್ಸು 21 ಇದ್ದದ್ದು 18 ಆದದ್ದು 1989ರಲ್ಲಿ.

ಅಂದರೆ ಪದದ ಮೊದಲ ಅರ್ಧದಲ್ಲಿ ನಾವು ಗ್ರೀಕರನ್ನು ತುಂಬ ಹಿಂದೆ ಹಾಕಿದ್ದೇವೆ. ಎರಡನೇ ಅರ್ಧ?

60 ವಾರ್ಡುಗಳ ಲೆಕ್ಕ

ಒಂದು ಸಣ್ಣ ಭಾಗಾಕಾರ ಮಾಡೋಣ. ಅಥೆನ್ಸಿನ ನಾಗರಿಕರು ಸುಮಾರು 30 ಸಾವಿರ, ಮಂಡಳಿಯಲ್ಲಿ 500 ಜನ. 60 ಮಂದಿಗೆ ಒಬ್ಬ, ಅದೂ ಪ್ರತಿ ವರ್ಷ ಹೊಸಬ. ಮಂಗಳೂರು ಮಹಾನಗರ ಪಾಲಿಕೆಯಲ್ಲಿ 60 ವಾರ್ಡುಗಳು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಐದು ಲಕ್ಷದ ಹತ್ತಿರ. ಎಂಟು ಸಾವಿರ ಜನಕ್ಕೆ ಒಬ್ಬ ಕಾರ್ಪೊರೇಟರ್. ನೀರು, ಚರಂಡಿ, ಕಸ, ಬೀದಿದೀಪ, ಫುಟ್‌ಪಾತ್ ಎಲ್ಲ ಈ ಮಟ್ಟದಲ್ಲೇ ತೀರ್ಮಾನ ಆಗುವುದು. ಗ್ರೀಕ್ ಅರ್ಥದ ‘ಊರು’ ಅಂದರೆ ನಮಗೆ ಇದೇ.

2019ರ ನವೆಂಬರಿನಲ್ಲಿ ಈ 60 ವಾರ್ಡುಗಳಿಗೆ ಚುನಾವಣೆ ಆಯಿತು. ಹಿಂದಿನ ಕೌನ್ಸಿಲಿನ ಅವಧಿ ಅದೇ ವರ್ಷ ಅದಕ್ಕೆ ತಿಂಗಳುಗಳ ಮೊದಲೇ ಮುಗಿದಿತ್ತು. 2020ರ ಫೆಬ್ರವರಿಯಲ್ಲಿ ಹೊಸ ಕೌನ್ಸಿಲ್ ಕೂತಿತು, 2025ರ ಫೆಬ್ರವರಿಯಲ್ಲಿ ಅದರ ಐದು ವರ್ಷ ಮುಗಿಯಿತು. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆಸಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. 74ನೇ ತಿದ್ದುಪಡಿಯಲ್ಲಿ ಬಂದ ವಿಧಿ ಅದು. ಆದರೆ ಆರಿಸಿ ಬಂದ ಹೊಸಬರ ಬದಲು ಆಡಳಿತಾಧಿಕಾರಿ ಬಂದರು.

ಇದಕ್ಕೂ ಒಂದು ಪದ ಉಂಟು. ‘ಬ್ಯೂರೋ’ ಅಂದರೆ ಫ್ರೆಂಚಿನಲ್ಲಿ ಬರೆಯುವ ಮೇಜು, ಕಚೇರಿ. ಅದಕ್ಕೆ ಗ್ರೀಕಿನ ಕ್ರಾಟೊಸ್ ಅಂಟಿಸಿ 18ನೇ ಶತಮಾನದಲ್ಲಿ ‘ಬ್ಯೂರೋಕ್ರಸಿ’ ಮಾಡಿದರು. ಮೇಜಿನ ಕೈಯಲ್ಲಿ ಹಿಡಿತ. ಇದು ಯಾವ ಅಧಿಕಾರಿಯನ್ನೂ ಬೈಯುವ ಮಾತಲ್ಲ, ಒಳ್ಳೆಯ ಅಧಿಕಾರಿಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಕೌನ್ಸಿಲ್ ಇಲ್ಲದ ದಿನಗಳಲ್ಲಿ ಕ್ರಾಟೊಸ್ ಊರಿನಿಂದ ಮೇಜಿಗೆ ಹೋಗಿರುತ್ತದೆ. ‘ಪ್ರಜೆಗಳ ಪ್ರಭುತ್ವ’ದ ಎರಡನೇ ಅರ್ಥ ಮೆಲ್ಲಗೆ ಮೊದಲನೆಯದರ ಕುರ್ಚಿಯಲ್ಲಿ ಕೂರುತ್ತದೆ.

ಕರ್ನಾಟಕದ ಮಹಾನಗರ ಪಾಲಿಕೆ ಕಾಯ್ದೆಯಲ್ಲಿ ವಾರ್ಡ್ ಸಮಿತಿ, ಏರಿಯಾ ಸಭೆ ಅಂತ ವ್ಯವಸ್ಥೆ ಇದೆ. ನೆರೆಕರೆಯವರು ಕೂತು ತಮ್ಮ ವಾರ್ಡಿನ ಕೆಲಸ ಮಾತಾಡುವ ಜಾಗ. ಮಂಗಳೂರಿನಲ್ಲಿ ವಾರ್ಡ್ ಸಮಿತಿಗಳು ಬಂದದ್ದು ನಾಗರಿಕರು ಹೈಕೋರ್ಟಿನ ತನಕ ಹೋದ ಮೇಲೆ. ಹಳ್ಳಿಗಳಲ್ಲಿ ಗ್ರಾಮಸಭೆ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಈ ಸಭೆಗಳಿಗೆ ಯಾರೂ ಹೋಗದಿದ್ದರೆ ಅವು ಸಹಿ ಪುಸ್ತಕದಲ್ಲಿ ಮಾತ್ರ ನಡೆಯುತ್ತವೆ. ಜಾತ್ರೆಯ ಆಮಂತ್ರಣದಲ್ಲಿ ‘ಊರ ಹತ್ತು ಸಮಸ್ತರು’ ಅಂತ ಅಚ್ಚು ಹಾಕಿಸುವ ನಾವು ಗ್ರಾಮಸಭೆಯ ದಿನ ಎಲ್ಲಿರುತ್ತೇವೆ ಅಂತ ಯೋಚಿಸಬಹುದು.

ಮನೆಕೆಲಸ

ಪಾಠ ಅಂದ ಮೇಲೆ ಹೋಮ್‌ವರ್ಕ್ ಇಲ್ಲದಿದ್ದರೆ ಹೇಗೆ? ಮೊದಲನೆಯದು, ಯಾವುದಾದರೂ ಒಂದು ಸಂಸ್ಥೆ ಆರಿಸಿಕೊಳ್ಳಿ. ಮೆಸ್ ಕಮಿಟಿ ಆಗಬಹುದು, ನಿಮ್ಮ ಅಪಾರ್ಟ್‌ಮೆಂಟಿನ ಸಂಘ ಆಗಬಹುದು, ಈ ಕನ್ನಡ ಸಂಘವೇ ಆಗಬಹುದು. ಎರಡೇ ಪ್ರಶ್ನೆ ಕೇಳಿ: ಇಲ್ಲಿ ಡೆಮೊಸ್ ಯಾರು, ಯಾರನ್ನು ಹೊರಗೆ ಬಿಟ್ಟಿದ್ದಾರೆ? ಕ್ರಾಟೊಸ್ ನಿಜವಾಗಿ ಯಾರ ಕೈಯಲ್ಲಿದೆ? ಮೆನು ಬರೆಯುವವರು ಕಮಿಟಿಯವರೋ, ಕಾಂಟ್ರಾಕ್ಟರೋ?

ಎರಡನೆಯದು ಐದು ನಿಮಿಷದ ಕೆಲಸ. ಅಥೆನ್ಸಿನ ಹುಡುಗ 18 ತುಂಬಿದಾಗ ತನ್ನ ಊರಿನವರ ಮುಂದೆ ನಿಲ್ಲಬೇಕಿತ್ತು, ಅವರು ಒಪ್ಪಿದರೆ ಪಟ್ಟಿಯಲ್ಲಿ ಹೆಸರು. ನಮಗೆ ಫಾರ್ಮ್ 6 ತುಂಬಿದರೆ ಸಾಕು, ಮೊಬೈಲಿನಲ್ಲೇ ಆಗುತ್ತದೆ. ಹಿಂದೆ ಜನವರಿ 1 ಮಾತ್ರ ಅರ್ಹತಾ ದಿನ ಇತ್ತು, ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಇವೆ. ಪಾಲಿಕೆ ಚುನಾವಣೆ ಯಾವಾಗ ಬಂದರೂ ನಿಮ್ಮ ಹೆಸರು ಪಟ್ಟಿಯಲ್ಲಿ ಮೊದಲೇ ಇರಲಿ. ಸೆಕೆಂಡ್ ಇಯರಿನಲ್ಲಿ ನಮಗೆಲ್ಲ 18 ಆಗಿಯೇ ಆಗಿದೆ, ಮಿಡ್‌ಸೆಮ್ ಮುಗಿಯಲಿ ಅಂತ ಕಾಯಬೇಡಿ.